ತಾಂಬೂಲದ ತಟ್ಟೆಯಲ್ಲಿ ಬಂದ ಕ್ಯಾನ್ಸರ್ ತಪಾಸಣೆ

ಆರೋಗ್ಯ ಶಿಬಿರಗಳಿಗೆ ಅನುಮತಿ ಕೊಡುವ ಅಧಿಕಾರಿಯವರಿಗೆ

ಮಾನ್ಯರೇ,

ಸ್ತನದ ಕ್ಯಾನ್ಸರನ್ನು ಪತ್ತೆ ಮಾಡಬಲ್ಲದು ಎಂದು ಸಾಬೀತಾಗದ ಯಂತ್ರವೊಂದನ್ನು ನೀವು ನಮ್ಮ ಹೆಂಗಸರ ಮುಂದೆ ತಂದು ನಿಲ್ಲಿಸಿದಿರಿ. ಅದು ನನ್ನ ಚಿಕ್ಕಮ್ಮ ಶಾಂತಮ್ಮನವರಿಗೆ ‘ಏನೂ ಇಲ್ಲ’ ಎಂದಿತು. ಇತ್ತು. ಈಗ ಅವರಿಗೆ ಕೀಮೋಥೆರಪಿ ನಡೆಯುತ್ತಿದೆ. ಅದೇ ಯಂತ್ರ ಬರುವ ಭಾನುವಾರ ಇದೇ ದೆಹಲಿಯ ದ್ವಾರಕಾದಲ್ಲಿ ಇನ್ನಷ್ಟು ಹೆಂಗಸರಿಗೆ ‘ಏನೂ ಇಲ್ಲ’ ಎನ್ನಲು ಹೊರಟಿದೆ, ಮತ್ತೆ ನಿಮ್ಮದೇ ಅನುಮತಿಯ ಮೇಲೆ. ಆ ಶಿಬಿರ ನಡೆಯಬಾರದು. ನಾನು ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಇದೇ ದೂರನ್ನು ಹಿಂದಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಕನ್ನಡದಲ್ಲಿ ಬರೆಯುತ್ತಿರುವುದು ದ್ವಾರಕಾದ ಕನ್ನಡದ ಹೆಂಗಸರೂ ಓದಲಿ ಎಂದು. ಅಲ್ಲದೆ ಕಳೆದ ನವರಾತ್ರಿಯಲ್ಲಿ, ಮಯೂರ್ ವಿಹಾರಿನಲ್ಲಿ ಚಿಕ್ಕಪ್ಪನ ಮನೆಯಿರುವ ವಸತಿ ಸೊಸೈಟಿಯ ಹಾಲಿನಲ್ಲಿ, ಆ ಶಿಬಿರವನ್ನು ಉದ್ಘಾಟಿಸುತ್ತಾ ನೀವು ಮಾತನಾಡಿದ್ದೂ ಕನ್ನಡದಲ್ಲೇ. ಎಷ್ಟು ಚೆನ್ನಾಗಿ ಮಾತನಾಡಿದಿರಿ! ‘ತಾಯಂದಿರೇ, ಮನೆಯವರನ್ನೆಲ್ಲ ನೋಡಿಕೊಳ್ಳುತ್ತೀರಿ, ನಿಮ್ಮನ್ನು ನೋಡಿಕೊಳ್ಳುವವರು ಯಾರು?’ ಎಂದಿರಿ. ಮುಂದಿನ ಸಾಲಿನಲ್ಲಿ ಕೂತವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ರಿಬ್ಬನ್ ಕತ್ತರಿಸಿದಿರಿ, ಶಾಲು ಹೊದ್ದಿರಿ, ಮೈಸೂರುಪಾಕು ಚೆನ್ನಾಗಿದೆ ಎಂದಿರಿ, ಕಾರು ಹತ್ತಿದಿರಿ. ಯಂತ್ರ ಇಟ್ಟಿದ್ದ ಕೋಣೆಯೊಳಗೆ ಮಾತ್ರ ಒಮ್ಮೆಯೂ ಕಾಲಿಡಲಿಲ್ಲ.

ದೆಹಲಿಯಲ್ಲಿ ಬದುಕುವ ಕನ್ನಡದವರಿಗೆ ‘ನಮ್ಮವರು’ ಎಂಬ ಮಾತಿನ ಬೆಲೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ರೈಲಿನ ಟಿಕೆಟ್ ವೇಟಿಂಗ್‌ನಲ್ಲಿದ್ದರೂ, ಮಗುವಿಗೆ ಶಾಲೆಯಲ್ಲಿ ಸೀಟು ಬೇಕಾದರೂ, ಆಸ್ಪತ್ರೆಯಲ್ಲಿ ಹಾಸಿಗೆ ಬೇಕಾದರೂ ನಾವು ಮೊದಲು ಕೇಳುವುದು ‘ಅಲ್ಲಿ ನಮ್ಮವರು ಯಾರಾದರೂ ಇದ್ದಾರಾ?’ ಎಂದು. ನಿಯಮ ಏನು ಎಂದು ಕೇಳುವುದು ಆಮೇಲೆ. ಇಂಥ ಜನರ ನಡುವೆ, ದೊಡ್ಡ ಹುದ್ದೆಯಲ್ಲಿರುವ ನಮ್ಮವರೊಬ್ಬರು ವೇದಿಕೆ ಹತ್ತಿ ಒಂದು ಯಂತ್ರವನ್ನು ಹೊಗಳಿದರೆ ಅದನ್ನು ಯಾರು ಅನುಮಾನಿಸುತ್ತಾರೆ? ಕಂಪನಿಯವರಿಗೆ ಇದು ಗೊತ್ತಿತ್ತು. ಜಾಹೀರಾತಿಗೆ ಸಿನಿಮಾ ನಟಿಯನ್ನು ಕರೆಸುವ ಖರ್ಚು ಅವರಿಗೆ ಉಳಿಯಿತು.

ಅವರಿಗೆ ಇನ್ನೂ ಒಂದು ಗೊತ್ತಿತ್ತು. ಅದನ್ನು ಅವರಿಗೆ ಹೇಳಿಕೊಟ್ಟವರು ನಮ್ಮೊಳಗಿನವರೇ ಇರಬೇಕು. ಅವತ್ತು ಅಲ್ಲಿನ ಕನ್ನಡ ಸಂಘದ ಮಹಿಳಾ ವಿಭಾಗದವರ ಅರಿಶಿನ ಕುಂಕುಮದ ಕಾರ್ಯಕ್ರಮ. ಬಂದ ಮುತ್ತೈದೆಯರಿಗೆಲ್ಲ ತಾಂಬೂಲ. ಎಲೆ, ಅಡಿಕೆ, ತೆಂಗಿನಕಾಯಿ, ರವಿಕೆ ಕಣ, ಇವುಗಳ ನಡುವೆ ಸಿಕ್ಕಿಸಿದ್ದ ಗುಲಾಬಿ ಬಣ್ಣದ ಕೂಪನ್: ‘ಉಚಿತ ಸ್ತನ ತಪಾಸಣೆ. ಮುಟ್ಟುವುದಿಲ್ಲ, ನೋಯಿಸುವುದಿಲ್ಲ, ವಿಕಿರಣವಿಲ್ಲ.’ ಬೀದಿಯಲ್ಲಿ ಯಾರೋ ಕೈಗೆ ತುರುಕಿದ ಚೀಟಿಯನ್ನು ಬಿಸಾಡಬಹುದು. ದೇವಿಯ ಮುಂದೆ ಕುಂಕುಮವಿಟ್ಟು ಮಡಿಲಿಗೆ ಹಾಕಿದ್ದನ್ನು ಬಿಸಾಡುವುದು ಹೇಗೆ? ನಾನು ಅವತ್ತೇ ಚಿಕ್ಕಮ್ಮನನ್ನು ಕೇಳಿದೆ.

‘ನಿಮಗೆ ಆಸ್ಪತ್ರೆಯಲ್ಲಿ ದಿನ ಕೊಟ್ಟಿದ್ದಾರಲ್ಲ ಚಿಕ್ಕಮ್ಮಾ, ಇದು ಯಾಕೆ?’

‘ತಾಂಬೂಲದಲ್ಲಿ ಬಂದಿದ್ದನ್ನ ಬೇಡ ಅನ್ನೋಕಾಗುತ್ತೇನೇ? ಎಲ್ಲಾರೂ ಹೋಗ್ತಿದಾರೆ. ಹೋಗಿ ಬಂದ್ರಾಯ್ತು, ಏನು ಕಳ್ಕೋತೀವಿ?’

ಏನು ಕಳೆದುಕೊಂಡರು ಎಂಬುದನ್ನೇ ಈಗ ಹೇಳುತ್ತಿದ್ದೇನೆ.

ಅದಕ್ಕೂ ಕೆಲವು ವಾರಗಳ ಹಿಂದೆ ಸ್ನಾನ ಮಾಡುವಾಗ ಚಿಕ್ಕಮ್ಮನ ಕೈಗೆ ಎಡ ಸ್ತನದಲ್ಲಿ ಗಂಟೊಂದು ಸಿಕ್ಕಿತ್ತು. ನೋವಿರಲಿಲ್ಲ. ನೋವಿಲ್ಲದ್ದನ್ನು ಡಾಕ್ಟರಿಗೆ ತೋರಿಸಬೇಕೆಂದು ಅವರನ್ನು ಒಪ್ಪಿಸುವುದಕ್ಕೇ ನಮಗೆ ಸಾಕುಬೇಕಾಗಿತ್ತು. ಡಿಸ್ಪೆನ್ಸರಿಯ ಡಾಕ್ಟರಮ್ಮ ಮುಟ್ಟಿ ನೋಡಿ, ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ತೆಗೆಸಲು ದೀಪಾವಳಿಯ ನಂತರದ ದಿನ ಸಿಕ್ಕಿತು. ಅಷ್ಟರಲ್ಲಿ ನವರಾತ್ರಿ ಬಂತು, ನೀವು ಬಂದಿರಿ.

ಸೊಸೈಟಿಯ ಆಫೀಸು ಕೋಣೆಗೆ ಹಳೆಯ ಬೆಡ್‌ಶೀಟನ್ನೇ ಪರದೆ ಕಟ್ಟಿದ್ದರು. ಒಳಗೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ, ಪಕ್ಕದಲ್ಲಿ ಲ್ಯಾಪ್‌ಟಾಪ್, ಬಿಳಿ ಕೋಟು ತೊಟ್ಟ ಒಬ್ಬ ತರುಣಿ. ಅವಳು ಡಾಕ್ಟರೂ ಅಲ್ಲ, ನರ್ಸೂ ಅಲ್ಲ; ಹಿಂದಿನ ವರ್ಷ ಜಿಮ್ ಒಂದರ ಸದಸ್ಯತ್ವ ಮಾರುತ್ತಿದ್ದೆ ಎಂದು ನಮ್ಮ ಜೊತೆ ಊಟಕ್ಕೆ ಕೂತಾಗ ತಾನೇ ಹೇಳಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಕೋಟು ಕೊಟ್ಟರು, ತೊಟ್ಟಳು. ಹೆಂಗಸರು ಕೋಲಾಟ ಮುಗಿಸಿ, ಬೆವರೊರೆಸಿಕೊಂಡು ಸಾಲಿನಲ್ಲಿ ನಿಂತಿದ್ದರು. ಪರೀಕ್ಷೆಗೆ ಮುಂಚೆ ತಂಪು ಕೋಣೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕೆಂದು ಕಂಪನಿಯ ಕರಪತ್ರವೇ ಹೇಳುತ್ತದೆ. ಸಾಲು ಉದ್ದವಿತ್ತು, ಯಾರನ್ನೂ ಕೂರಿಸಲಿಲ್ಲ. ಚಿಕ್ಕಮ್ಮನ ಜೊತೆ ನಾನೂ ಪರದೆಯೊಳಗೆ ಹೋಗಿದ್ದೆ. ಅವರು ಬ್ಲೌಸ್ ಬಿಚ್ಚುತ್ತಾ, ತಮ್ಮ ಹರಕು ಹಿಂದಿಯಲ್ಲಿ, ಇಲ್ಲಿ ಗಂಟಿದೆ ಎಂದು ತೋರಿಸಿ ಹೇಳಿದರು. ಆ ತರುಣಿ ಆ ಕಡೆ ತಿರುಗಲೇ ಇಲ್ಲ.

‘ಆಂಟೀಜೀ, ಮಷೀನ್ ಸಬ್ ದೇಖ್ ಲೇತಾ ಹೈ.’

ಯಂತ್ರ ಎಲ್ಲವನ್ನೂ ನೋಡಿಬಿಡುತ್ತದೆಯಂತೆ. ನೋಡಿತು. ಹಸಿರು ಬಣ್ಣದ ಕಾರ್ಡು ಕೊಟ್ಟಿತು.

ಚಿಕ್ಕಪ್ಪ ಏಕನಾಥ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಸೆಕ್ಷನ್ ಆಫೀಸರ್. ಅವರ ಮಟ್ಟಿಗೆ, ಮೇಲಿನವರು ಒಪ್ಪಿದ ಕಾಗದ ಬಂದರೆ ಆ ವಿಷಯ ಮುಗಿದ ಹಾಗೆ. ಅದನ್ನು ಮತ್ತೆ ಕೆದಕುವುದು ತಲೆಹರಟೆ. ಆಸ್ಪತ್ರೆಯ ದಿನ ಹತ್ತಿರ ಬಂದಾಗ ನಾನು ನೆನಪಿಸಿದೆ. ‘ಹಸಿರು ಬಂದಿದೆಯಲ್ಲಮ್ಮ. ನಮ್ಮವರೇ ಆಫೀಸರು, ಅವರೇ ಮುಂದೆ ನಿಂತು ಮಾಡಿಸಿದಾರೆ. ಇನ್ನು ಆ ಕ್ಯೂನಲ್ಲಿ ಯಾಕೆ ನಿಂತ್ಕೋಬೇಕು?’ ಎಂದರು. ಚಿಕ್ಕಮ್ಮ ಇನ್ನೂ ಒಳ್ಳೆಯವರು. ‘ನಂಗೇನೂ ಇಲ್ಲ ಅಂದ್ಮೇಲೆ ನಾನ್ಯಾಕೆ ಜಾಗ ಹಿಡ್ಕೊಂಡು ಕೂತಿರ್ಬೇಕು? ಪಾಪ, ಯಾರಿಗೆ ಅರ್ಜೆಂಟಿದೆಯೋ ಅವರು ಹೋಗ್ಲಿ,’ ಎಂದು ತಾವಾಗಿಯೇ ಆಸ್ಪತ್ರೆಗೆ ಫೋನು ಮಾಡಿ ತಮ್ಮ ದಿನವನ್ನು ಬಿಟ್ಟುಕೊಟ್ಟರು.

ಓದಿದಿರಾ ಮಾನ್ಯರೇ? ಅವರು ಉದಾಸೀನ ಮಾಡಲಿಲ್ಲ. ನಾಚಿಕೆಯಿಂದ ಮುಚ್ಚಿಡಲಿಲ್ಲ. ‘ನಮ್ಮ ಹೆಂಗಸರಿಗೆ ಅರಿವಿಲ್ಲ’ ಎಂದು ನಿಮ್ಮಂಥವರು ಭಾಷಣದಲ್ಲಿ ಹೇಳುತ್ತೀರಲ್ಲ, ಅರಿವಿತ್ತು. ಗಂಟು ಹುಡುಕಿಕೊಂಡರು, ಡಾಕ್ಟರಿಗೆ ತೋರಿಸಿದರು, ದಿನ ಪಡೆದರು. ಮಾಡಬೇಕಾದ್ದನ್ನೆಲ್ಲ ಮಾಡಿದ್ದ ಹೆಂಗಸನ್ನು ಅರ್ಧ ದಾರಿಯಿಂದ ವಾಪಸು ಕಳಿಸಿದ್ದು ನಿಮ್ಮ ಶಿಬಿರ.

ಹೋಳಿಯ ಹೊತ್ತಿಗೆ ಗಂಟಿನ ಮೇಲಿನ ಚರ್ಮ ಸುಕ್ಕುಗಟ್ಟಿತು. ಏಪ್ರಿಲ್‌ನಲ್ಲಿ ಸೂಜಿ ಹಾಕಿ ಪರೀಕ್ಷಿಸಿದರು. ಕಾಯಿಲೆ ಕಂಕುಳಿನ ಗ್ರಂಥಿಗಳಿಗೂ ಹರಡಿತ್ತು. ಆಸ್ಪತ್ರೆಯ ವೈದ್ಯೆ ಹಸಿರು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದನ್ನ ಕೊಟ್ಟೋರು ಯಾರು?’ ಎಂದು ಕೇಳಿದರು. ಚಿಕ್ಕಪ್ಪ ನಿಮ್ಮ ಹುದ್ದೆಯ ಹೆಸರು ಹೇಳಿದರು. ಅದನ್ನು ಹೇಳುವಾಗಲೂ ಅವರ ದನಿಯಲ್ಲಿ ಮರ್ಯಾದೆ ಇತ್ತು. ನನಗೆ ಅಲ್ಲೇ ಕಿರುಚಬೇಕೆನಿಸಿತು.

ಇನ್ನು ಅದೇ ಸೊಸೈಟಿಯ ಸೀತಮ್ಮನವರ ವಿಷಯ. ಅವತ್ತು ಹಾಲಿನ ಹಿಂದಿನ ಅಡುಗೆಕೋಣೆಯಲ್ಲಿ ನಿಂತು ಎಲ್ಲರಿಗೂ ಕಡಲೆ ಉಸಲಿ ಮಾಡಿದವರು ಅವರು. ಗಂಡ ತೀರಿಕೊಂಡಿದ್ದಾರೆ. ಆದ್ದರಿಂದ ಕುಂಕುಮವಿಲ್ಲ, ಕುಂಕುಮವಿಲ್ಲದ್ದಕ್ಕೆ ತಾಂಬೂಲವಿಲ್ಲ, ತಾಂಬೂಲವಿಲ್ಲದ್ದಕ್ಕೆ ಕೂಪನ್ ಇಲ್ಲ. ರಾಜಧಾನಿಯಲ್ಲಿ ಮೆಟ್ರೋದಲ್ಲಿ ಓಡಾಡುವ ನಮ್ಮ ಮಹಿಳಾ ವಿಭಾಗದ ನ್ಯಾಯ ಇದು. ಇದಕ್ಕೆ ನಾಚಿಕೆಪಡಬೇಕಾದವರು ನಾವು, ನೀವಲ್ಲ. ಸೀತಮ್ಮನವರಿಗೂ ಎದೆಯಲ್ಲೊಂದು ಗಂಟಿತ್ತು. ಹಸಿರು ಕಾರ್ಡು ಸಿಗದ ಕಾರಣ ಅವರು ಆಸ್ಪತ್ರೆಯ ಕ್ಯೂನಲ್ಲಿ ನಿಂತರು. ಡಾಕ್ಟರು ನೋಡಿದರು, ಸೂಜಿ ಹಾಕಿದರು, ಬರೀ ನೀರುಗುಳ್ಳೆ, ಹೆದರಬೇಡಿ ಎಂದು ಕಳಿಸಿದರು. ‘ನಮ್ಮನ್ನ ಆ ಯಂತ್ರ ಕೂಡ ಕರೀಲಿಲ್ಲ ಕಣೇ ಕೃತಿ, ಬದುಕ್ದೆ,’ ಎಂದು ಸೀತಮ್ಮ ನಕ್ಕರು. ನಗು ಅರ್ಧಕ್ಕೇ ನಿಂತಿತು. ಪಕ್ಕದಲ್ಲಿ ಚಿಕ್ಕಮ್ಮ ಕೂತಿದ್ದರು. ನಾವು ಅವಮಾನ ಮಾಡಿದ ಹೆಂಗಸಿಗೆ ನಿಜ ಗೊತ್ತಾಯಿತು. ನಾವು ಸತ್ಕರಿಸಿದ ಹೆಂಗಸಿಗೆ ಸುಳ್ಳು ಸಿಕ್ಕಿತು.

ಇಬ್ಬರು ಹೆಂಗಸರ ಕತೆ ಪುರಾವೆಯಾಗುವುದಿಲ್ಲ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಅಷ್ಟು ತಿಂಗಳು ಮೊದಲೇ ಗೊತ್ತಾಗಿದ್ದರೆ ಚಿಕ್ಕಮ್ಮನ ಕಾಯಿಲೆ ಎಲ್ಲಿ ನಿಲ್ಲುತ್ತಿತ್ತು ಎಂದು ವೈದ್ಯರೂ ಪ್ರಮಾಣ ಮಾಡಿ ಹೇಳಲಾರರು. ನನ್ನ ಹತ್ತಿರ ಇಬ್ಬರ ಕತೆಯಾದರೂ ಇದೆ. ನಿಮ್ಮ ಹತ್ತಿರ ಏನಿತ್ತು? ಯಾವ ಅಧ್ಯಯನ ಓದಿ ಆ ಯಂತ್ರಕ್ಕೆ ಬಾಗಿಲು ತೆರೆದಿರಿ? ಅದು ಚರ್ಮದ ಶಾಖವನ್ನು ಬಣ್ಣಗಳಲ್ಲಿ ತೋರಿಸುವ ಕ್ಯಾಮೆರಾ. ಗಂಟಿನ ಮೇಲಿನ ಚರ್ಮ ಕೆಲವೊಮ್ಮೆ ಬೆಚ್ಚಗಿರಬಹುದು, ಇಲ್ಲದೆಯೂ ಇರಬಹುದು. ಬೆವರಿದರೂ, ಜ್ವರ ಬಂದರೂ, ಬಿಸಿಲಲ್ಲಿ ನಡೆದರೂ ಚರ್ಮ ಬೆಚ್ಚಗಾಗುತ್ತದೆ. ಮ್ಯಾಮೊಗ್ರಾಂ ಬದಲಿಗೆ ಇದೊಂದೇ ಸಾಕು ಎಂದು ಎಲ್ಲೂ ಸಾಬೀತಾಗಿಲ್ಲ. ಮ್ಯಾಮೊಗ್ರಾಂ ತಪ್ಪುವುದಿಲ್ಲವೇ? ತಪ್ಪುತ್ತದೆ. ಆದರೆ ಎಷ್ಟು ತಪ್ಪುತ್ತದೆ ಎಂದು ಸಾವಿರಾರು ಹೆಂಗಸರಲ್ಲಿ ಅಳೆದು ನೋಡಿದ್ದಾರೆ, ಯಾರಿಗೆ ಬೇಕು ಯಾರಿಗೆ ಬೇಡ ಎಂದು ಜಗಳವಾಡಿ ತೀರ್ಮಾನಿಸಿದ್ದಾರೆ. ಅಲ್ಲದೆ ಕೈಗೆ ಗಂಟು ಸಿಕ್ಕ ಮೇಲೆ ಬೇಕಾದ್ದು ಶಿಬಿರವಲ್ಲ, ವೈದ್ಯರು. ಇಷ್ಟು ತಿಳಿಯಲು ನನಗೆ ವೈದ್ಯಕೀಯ ಕಾಲೇಜು ಬೇಕಾಗಲಿಲ್ಲ. ಆಸ್ಪತ್ರೆಯ ಗೋಡೆಯ ಹತ್ತಿರ ಉಚಿತವಾಗಿ ಇಟ್ಟಿರುವ ಕರಪತ್ರ ಸಾಕಾಯಿತು.

ಮುಟ್ಟುವುದಿಲ್ಲ, ನೋಯಿಸುವುದಿಲ್ಲ, ವಿಕಿರಣವಿಲ್ಲ. ಮೂರೂ ನಿಜ. ಗೋಡೆಗೆ ನೇತುಹಾಕಿದ ಕ್ಯಾಲೆಂಡರಿಗೂ ಈ ಮೂರು ಸದ್ಗುಣಗಳಿವೆ. ಕಂಪನಿಯವರು ತೋರಿಸುವ ದೊಡ್ಡ ಪ್ರಮಾಣಪತ್ರ ಏನು ಹೇಳುತ್ತದೆ ಗೊತ್ತೇ? ಯಂತ್ರದಿಂದ ವಿದ್ಯುತ್ ಆಘಾತವಾಗುವುದಿಲ್ಲ, ಬೆಂಕಿ ಹತ್ತಿಕೊಳ್ಳುವುದಿಲ್ಲ ಎಂದು. ಒಳ್ಳೆಯ ಇಸ್ತ್ರಿಪೆಟ್ಟಿಗೆಗೂ ಅಂಥದ್ದೊಂದು ಪ್ರಮಾಣಪತ್ರ ಇರುತ್ತದೆ. ಅದನ್ನು ನಂಬಿ ಇಸ್ತ್ರಿಪೆಟ್ಟಿಗೆಯನ್ನು ಯಾರೂ ಎದೆಯ ಹತ್ತಿರ ಹಿಡಿದು ‘ನನಗೆ ಕ್ಯಾನ್ಸರ್ ಇದೆಯಾ ಭಯ್ಯಾ?’ ಎಂದು ಕೇಳುವುದಿಲ್ಲ.

ಜೂನ್ ತಿಂಗಳಲ್ಲಿ ನಾನೇ ಒಂದು ಕೆಲಸ ಮಾಡಿದೆ. ನೋಯ್ಡಾದ ಮಾಲ್ ಒಂದರಲ್ಲಿ ಆ ಕಂಪನಿಯ ಕೌಂಟರ್ ಇದೆ. ಮೆಟ್ರೋ ಇಳಿದು, ಬೇಕೆಂದೇ ರಿಕ್ಷಾ ಹತ್ತದೆ, ನೆತ್ತಿ ಸುಡುವ ಬಿಸಿಲಿನಲ್ಲಿ ನಡೆದುಹೋಗಿ ನೇರವಾಗಿ ಕ್ಯಾಮೆರಾದ ಮುಂದೆ ನಿಂತೆ. ಕೆಂಪು ಕಾರ್ಡು. ‘ದೀದೀ, ಘಬರಾನಾ ಮತ್, ಗಾಬರಿಯಾಗಬೇಡಿ, ನಮ್ಮ ಆರು ತಿಂಗಳ ಪ್ಯಾಕೇಜ್ ತಗೊಳ್ಳಿ,’ ಎಂಬ ಅರ್ಥದ ಸಾಂತ್ವನವೂ ಸಿಕ್ಕಿತು. ಮೇಲಿನ ಮಹಡಿಗೆ ಹೋಗಿ, ಎಸಿಯ ಬಾಯಿಗೇ ಕೂತು, ಐಸ್ ಹಾಕಿದ ಮೋಸಂಬಿ ರಸ ಕುಡಿದು, ಊಟದ ಹೊತ್ತು ಕಳೆದ ಮೇಲೆ ಇಳಿದು ಬಂದೆ. ಕೌಂಟರಿನಲ್ಲಿ ಬೇರೆ ಹುಡುಗಿ ಕೂತಿದ್ದಳು. ಬೇರೆ ಹೆಸರು ಕೊಟ್ಟೆ. ಹಸಿರು ಕಾರ್ಡು. ಅರ್ಧ ದಿನದೊಳಗೆ ನನಗೆ ಕ್ಯಾನ್ಸರಿನ ಅನುಮಾನ ಬಂದು, ಮೋಸಂಬಿ ರಸದಲ್ಲಿ ವಾಸಿಯೂ ಆಯಿತು. ಇಂಥ ಔಷಧ ಇರುವಾಗ ಪಾಪ, ಆಸ್ಪತ್ರೆಗಳು ಸುಮ್ಮನೆ ಒದ್ದಾಡುತ್ತಿವೆ.

ಎರಡೂ ಕಾರ್ಡು ಹಿಡಿದು ಸಂದರ್ಶನದ ವೇಳೆಯಲ್ಲಿ ನಿಮ್ಮ ಕಚೇರಿಗೆ ಬಂದಿದ್ದೆ. ನೆನಪಿರಬಹುದು. ನೀವು ಕಾರ್ಡುಗಳನ್ನು ನೋಡಲಿಲ್ಲ, ನನ್ನನ್ನು ನೋಡಿದಿರಿ.

‘ನೀವು ಡಾಕ್ಟರಾ ಅಮ್ಮಾ?’

‘ಅಲ್ಲ ಸರ್. ಆ ಬಿಳಿ ಕೋಟಿನವಳೂ ಅಲ್ಲ.’

‘ನೋಡಿ, ಅವೇರ್‌ನೆಸ್ ಆಗ್ಲಿ ಅಂತ ಮಾಡಿದ್ದು. ಉದ್ದೇಶ ಒಳ್ಳೇದು. ಹ್ಯಾಂಡ್‌ಬಿಲ್ ಓದ್ಕೊಂಡು ಬಂದು ಎಲ್ಲಾದಕ್ಕೂ ಜಗಳ ಆಡಬಾರದು. ಪರೀಕ್ಷೆಯ ಕೋಚಿಂಗಿಗೆ ಅಂತ ದೆಹಲಿಗೆ ಬಂದಿದೀರಲ್ವಾ? ಓದಿ.’

ಓದುತ್ತಲೇ ಇದ್ದೇನೆ ಮಾನ್ಯರೇ. ನಿಮ್ಮ ಕಚೇರಿಯ ಉತ್ತರವನ್ನೂ ಓದಿದೆ. ‘ಶಿಬಿರ ನಡೆಸಲು ಅಭ್ಯಂತರವಿಲ್ಲವೆಂದು ಮಾತ್ರ ತಿಳಿಸಲಾಗಿದ್ದು, ಉಪಕರಣದ ನಿಖರತೆಯು ಈ ಕಚೇರಿಯ ವ್ಯಾಪ್ತಿಗೆ ಒಳಪಡುವುದಿಲ್ಲ’ ಎಂಬುದು ಅದರ ಸಾರ. ಅಂದರೆ ಹಾಲಿನಲ್ಲಿ ಕುರ್ಚಿಗಳಿವೆಯೇ ನೋಡಿದಿರಿ. ಕುಡಿಯುವ ನೀರಿದೆಯೇ, ಹೊರಗೆ ಹೋಗಲು ಎರಡು ಬಾಗಿಲಿದೆಯೇ ನೋಡಿದಿರಿ. ಯಂತ್ರ ನಿಜ ಹೇಳುತ್ತದೆಯೇ ಎಂಬುದೊಂದನ್ನು ಬಿಟ್ಟು ಎಲ್ಲವನ್ನೂ ನೋಡಿದಿರಿ. ಹಾಗಾದರೆ ಉದ್ಘಾಟನೆ ಯಾವ ವ್ಯಾಪ್ತಿಯಲ್ಲಿ ಬಂತು? ತಾಯಂದಿರೇ ಎಂದು ಕರೆದದ್ದು ಯಾವ ವ್ಯಾಪ್ತಿ? ನಾಳೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಗಂಟು ಕಾಣಿಸಿಕೊಂಡರೆ, ಬರಬಾರದು ಎಂದೇ ಹಾರೈಸುತ್ತೇನೆ, ಅವರನ್ನು ಬೆಡ್‌ಶೀಟಿನ ಪರದೆಯ ಹಿಂದೆ ನಿಲ್ಲಿಸುತ್ತೀರಾ? ಇಲ್ಲ. ಊರಿನ ಅತ್ಯುತ್ತಮ ಆಸ್ಪತ್ರೆಗೆ ಫೋನು ಮಾಡಿ ‘ಅಲ್ಲಿ ನಮ್ಮವರು ಯಾರಿದ್ದಾರೆ?’ ಎಂದು ವಿಚಾರಿಸುತ್ತೀರಿ. ಆ ಯಂತ್ರಕ್ಕಿರುವ ಬೆಲೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಇಷ್ಟಾದರೂ ನಾನು ಬಹಿರಂಗವಾಗಿ ಬರೆಯದೆ ಕಾಯುತ್ತಿದ್ದೆ. ಚಿಕ್ಕಪ್ಪನಿಗೆ ಇಷ್ಟವಿರಲಿಲ್ಲ. ನಾಲ್ಕು ಜನಕ್ಕೆ ಗೊತ್ತಾಗುತ್ತದೆ, ಅನನ್ಯಾಗೆ ಮುಂದೆ ಮದುವೆ ಆಗಬೇಕು ಎಂದೆಲ್ಲ ಹೇಳುತ್ತಿದ್ದರು. ಅನನ್ಯಾ ಅವರ ಮಗಳು, ಇನ್ನೂ ಹತ್ತನೇ ಕ್ಲಾಸು. ಮೊನ್ನೆ ಅವಳೇ ಫೋನು ಹಿಡಿದುಕೊಂಡು ಓಡಿ ಬಂದಳು.

‘ಅಕ್ಕಾ, ದೇಖೋ ನಾ! ಇದು ಮಮ್ಮಿ ಅಲ್ವಾ? ಯೇ ತೋ ಮಮ್ಮಿ ಹೈ!’

ದ್ವಾರಕಾದ ಶಿಬಿರದ ಆಮಂತ್ರಣ ವಾಟ್ಸಾಪಿನಲ್ಲಿ ಬಂದಿತ್ತು. ವರಮಹಾಲಕ್ಷ್ಮಿ ಹಬ್ಬದ ನಂತರದ ಭಾನುವಾರ, ಅರಿಶಿನ ಕುಂಕುಮ, ಭಜನೆ, ಉಚಿತ ಸ್ತನ ತಪಾಸಣೆ, ಮುಖ್ಯ ಅತಿಥಿಗಳಾಗಿ ಮತ್ತೆ ನೀವು. ನಡುವೆ ದೊಡ್ಡದಾಗಿ ಒಂದು ಫೋಟೋ: ಮಾವಿನಹಣ್ಣಿನ ಬಣ್ಣದ ರೇಷ್ಮೆ ಸೀರೆ ಉಟ್ಟು, ತಲೆತುಂಬ ಮಲ್ಲಿಗೆ ಮುಡಿದು, ಹಸಿರು ಕಾರ್ಡನ್ನು ಎದೆಯ ಹತ್ತಿರ ಹಿಡಿದು ನಗುತ್ತಿರುವ ನನ್ನ ಚಿಕ್ಕಮ್ಮ. ಕೆಳಗೆ, ‘ನಾನು ನಿಶ್ಚಿಂತೆಯಾಗಿದ್ದೇನೆ. ನೀವು?’

ಆ ಮಾತನ್ನು ಚಿಕ್ಕಮ್ಮ ಯಾವತ್ತೂ ಆಡಿಲ್ಲ. ನವರಾತ್ರಿಯ ಶಿಬಿರದಲ್ಲಿ ತೆಗೆದ ಆ ಫೋಟೋ ಬಳಸಲು ಅವರನ್ನು ಯಾರೂ ಕೇಳಿಲ್ಲ. ಅನನ್ಯಾ ಅದನ್ನು ಅಮ್ಮನಿಂದ ಮುಚ್ಚಿಡಲು ನೋಡಿದಳು, ಆಗಲಿಲ್ಲ. ಚಿಕ್ಕಮ್ಮ ಫೋನನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದರು. ನಾವು ಅಳುತ್ತಾರೆಂದುಕೊಂಡೆವು. ‘ಕೂದಲು ಎಷ್ಟಿತ್ತಲ್ವೇನೇ,’ ಎಂದರು. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿದರು.

‘ರೀ, ಇನ್ನು ಯಾರಿಗೆ ಗೊತ್ತಾಗ್ಬಾರ್ದು? ದ್ವಾರಕಾಕ್ಕೆಲ್ಲ ನನ್ ಮುಖ ತೋರ್ಸಿ ಆಗಿದೆ.’

ಚಿಕ್ಕಪ್ಪ ಕೊನೆಗೂ ಒಪ್ಪಿದರು. ಈ ಪತ್ರದಲ್ಲಿ ಅವರ ಹೆಸರು ಬರೆಯಲು ಅನುಮತಿ ಕೊಟ್ಟಿದ್ದಾರೆ. ಅವರಂಥ ಮನುಷ್ಯನಿಗೆ ಅದು ಎಷ್ಟು ದೊಡ್ಡದು ಎಂದು, ಅದೇ ಸರ್ಕಾರದಲ್ಲಿ ಕೆಲಸ ಮಾಡುವ ನಿಮಗೆ ಅರ್ಥವಾಗಬೇಕು.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ದ್ವಾರಕಾದ ಶಿಬಿರದಲ್ಲಿ ಆ ಯಂತ್ರ ಇಡಲು ಕೊಟ್ಟ ಅನುಮತಿಯನ್ನು ಇಂದೇ ಹಿಂದಕ್ಕೆ ಪಡೆಯಿರಿ. ನನ್ನ ಚಿಕ್ಕಮ್ಮನ ಫೋಟೋ ತೆಗೆಸಿ. ನವರಾತ್ರಿಯಲ್ಲಿ ಹಸಿರು ಕಾರ್ಡು ಪಡೆದ ಪ್ರತಿಯೊಬ್ಬ ಹೆಂಗಸಿಗೂ ನಿಮ್ಮ ಕಚೇರಿಯಿಂದಲೇ ತಿಳಿಸಿ: ಅದು ಪರೀಕ್ಷೆಯಾಗಿರಲಿಲ್ಲ, ಗಂಟೋ ಗಾಯವೋ ಏನಾದರೂ ಕಂಡಿದ್ದರೆ ಡಾಕ್ಟರಿಗೆ ತೋರಿಸಿ ಎಂದು. ಅವರಲ್ಲಿ ಇನ್ನೆಷ್ಟು ಜನ ತಮ್ಮ ಆಸ್ಪತ್ರೆಯ ದಿನವನ್ನು ಬಿಟ್ಟುಕೊಟ್ಟು ಮನೆಯಲ್ಲಿ ಕೂತಿದ್ದಾರೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ನಿಮಗೆ ನಿದ್ದೆ ಹೇಗೆ ಬರುತ್ತದೆ?

ದ್ವಾರಕಾದ ಅಕ್ಕಂದಿರೇ, ಈ ಪತ್ರ ನಿಮ್ಮ ಕೈಗೂ ಬಂದಿದ್ದರೆ, ಹಬ್ಬಕ್ಕೆ ಹೋಗಿ, ಹಾಡಿ, ಊಟ ಮಾಡಿ. ಕೂಪನ್ ಬಂದರೆ ವಾಪಸು ಕೊಡಿ. ದೇವಿಗೆ ಕೋಪ ಬರುವುದಿಲ್ಲ.

ಮಾನ್ಯರೇ, ನೀವು ಅನುಮತಿ ಹಿಂದಕ್ಕೆ ಪಡೆಯದಿದ್ದರೆ ನಾವು ಅಲ್ಲಿರುತ್ತೇವೆ. ಕೂಗಾಡುವುದಿಲ್ಲ, ಯಂತ್ರವನ್ನು ಮುಟ್ಟುವುದಿಲ್ಲ. ಚಿಕ್ಕಮ್ಮನೂ ಬರುತ್ತಾರೆ. ಈ ಸ್ಥಿತಿಯಲ್ಲಿ ಜನರ ನಡುವೆ ಹೋಗುವುದು ಬೇಡ, ಸೋಂಕು ತಗುಲುತ್ತದೆ ಎಂದು ಎಲ್ಲರೂ ಹೇಳಿದೆವು. ಬಾಗಿಲ ಹೊರಗೆ, ಗಾಳಿಯಲ್ಲಿ, ಮಾಸ್ಕ್ ಹಾಕಿಕೊಂಡು ನಿಲ್ಲುತ್ತೇನೆ ಎಂದು ವೈದ್ಯೆಯನ್ನು ಕೇಳಿ ಒಪ್ಪಿಸಿಕೊಂಡಿದ್ದಾರೆ. ತಲೆಗೆ ಬಟ್ಟೆ ಕಟ್ಟಿಕೊಳ್ಳುವುದಿಲ್ಲವಂತೆ.

‘ಫೋಟೋದಲ್ಲಿ ಅವರನ್ನೆಲ್ಲ ಕರೀತಿರೋಳು ನಾನು,’ ಎಂದರು. ‘ಬರಬೇಡಿ ಅಂತ ಹೇಳೋದಕ್ಕೂ ನಾನೇ ಹೋಗ್ಬೇಕು.’

ರಿಬ್ಬನ್ ಕತ್ತರಿಸಲು ಬಂದರೆ ನೀವು ಅವರನ್ನು ದಾಟಿಕೊಂಡೇ ಒಳಗೆ ಹೋಗಬೇಕು. ದ್ವಾರಕಾ, ಶಿಬಿರದ ಹಾಲಿನ ಮುಂಬಾಗಿಲು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ.

ಇಂತಿ,
‘ತಮ್ಮ ವಿಶ್ವಾಸಿ’ ಎಂದು ಬರೆಯಲು ಕೈ ಬಾರದ
ಕೃತಿ ದೇವೇಂದ್ರಪ್ಪ
ಲಕ್ಷ್ಮೀ ನಗರ, ದೆಹಲಿ